ಮೇಷ್ಟ್ರಾಗಬೇಕು ಅಂದುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠ ಮಾಡುವ ಕೆಲಸಕ್ಕೆ ಬರಬೇಕು ಅಂದುಕೊಂಡವರು ಕೇಳುತ್ತಾರೆ, ಆಗಲೇ ಬಂದು ಒದ್ದಾಡುತ್ತಿರುವವರೂ ಕೇಳುತ್ತಾರೆ. ಅವರ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮ್ಮದು ಯಾವುದೋ ಅದಕ್ಕೆ ನೇರವಾಗಿ ಹೋಗಬಹುದು.

## ಇನ್ನೂ ಯೋಚನೆಯಲ್ಲಿರುವವರಿಗೆ

ಟೀಚಿಂಗ್ ನನಗೆ ಸರಿ ಹೋಗುತ್ತೋ ಇಲ್ವೋ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?

ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ. ಯಾರಿಗಾದರೂ ಏನಾದರೂ ಕಲಿಸಿ ನೋಡಬೇಕು. ಅದಕ್ಕೆ ದೊಡ್ಡ ಕ್ಲಾಸೇನೂ ಬೇಡ. ಪಕ್ಕದ ಮನೆಯ ಮಗುವಿಗೆ ಲೆಕ್ಕ, ಆಫೀಸಿಗೆ ಹೊಸದಾಗಿ ಬಂದವರಿಗೆ ಸ್ಪ್ರೆಡ್‌ಶೀಟ್, ವಯಸ್ಸಾದವರಿಗೆ ಫೋನ್ ಬಳಸುವುದು, ಯಾವುದಾದರೂ ಆದೀತು. ಆದರೆ ಒಂದೆರಡು ದಿನ ಮಾಡಿ ಬಿಡಬೇಡಿ. ಒಬ್ಬರ ಜೊತೆಗೇ ಒಂದೆರಡು ತಿಂಗಳು ಕೂತು ನೋಡಿ. ಮೊದಲ ವಾರ ಎಲ್ಲರಿಗೂ ಉತ್ಸಾಹ ಇರುತ್ತದೆ. ಹೇಳಿದ್ದನ್ನೇ ನಾಲ್ಕನೇ ಸಲ ಹೇಳಬೇಕಾಗಿ ಬಂದಾಗ ನಿಮಗೆ ಏನನ್ನಿಸುತ್ತದೆ ಅನ್ನುವುದು ಮುಖ್ಯ.

ಹಾಗೆ ಕಲಿಸುವಾಗ ಒಂದನ್ನು ಗಮನಿಸಿ. ತಪ್ಪು ಉತ್ತರ ಬಂದರೆ ನಿಮಗೆ ಸಿಟ್ಟು ಬರುತ್ತದೋ, ಕುತೂಹಲ ಹುಟ್ಟುತ್ತದೋ? ಒಂದು ಮಗು 52ರಲ್ಲಿ 38 ಕಳೆದು 26 ಅಂತ ಬರೆದಿದೆ ಅನ್ನಿ. ‘ಗಮನ ಇಲ್ಲ’ ಅಂತ ಕೆಂಪು ಗೀಟು ಎಳೆದು ಮುಂದೆ ಹೋಗಬಹುದು. ಇಲ್ಲವೇ ಈ 26 ಎಲ್ಲಿಂದ ಬಂತು ಅಂತ ಹುಡುಕಬಹುದು. ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗುವುದಿಲ್ಲ, ಹಾಗಾಗಿ ಮಗು 8ರಿಂದ 2 ಕಳೆದು 6 ಬರೆದಿದೆ. ಹತ್ತರ ಸ್ಥಾನದಲ್ಲಿ 5ರಿಂದ 3 ಹೋಗಿ 2. ಅಂದರೆ ಮಗು ಬಾಯಿಗೆ ಬಂದದ್ದನ್ನು ಬರೆದಿಲ್ಲ. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಅನ್ನುವ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಬಹುಶಃ ಹಿಂದಿನ ಕ್ಲಾಸಿನಲ್ಲಿ ಯಾರೋ ಹಾಗೇ ಹೇಳಿಕೊಟ್ಟಿರಬೇಕು.

ಇಂಥದ್ದನ್ನು ಪತ್ತೆ ಹಚ್ಚಿದಾಗ ನಿಮಗೆ ಒಳಗೊಳಗೇ ಖುಷಿ ಆದರೆ ಈ ಕೆಲಸ ನಿಮಗೆ ಹಿಡಿಸುತ್ತದೆ. ‘ಇಷ್ಟು ಸುಲಭದ್ದೂ ಬರಲ್ವಲ್ಲ’ ಅನ್ನಿಸಿದರೆ ಸ್ವಲ್ಪ ನಿಧಾನಿಸಿ. ಮಾತುಗಾರಿಕೆ, ಧ್ವನಿ, ಅಕ್ಷರ ಎಲ್ಲವನ್ನೂ ಆಮೇಲೆ ಕಲಿಯಬಹುದು. ಇನ್ನೊಬ್ಬರು ಯಾಕೆ ಹೀಗೆ ಯೋಚಿಸಿದರು ಅನ್ನುವ ಕುತೂಹಲವೇ ಇಲ್ಲದಿದ್ದರೆ ವರ್ಷಗಳು ಬಹಳ ಉದ್ದ ಅನ್ನಿಸುತ್ತವೆ.

ನನಗೆ ಮಕ್ಕಳು ಅಂದ್ರೆ ಪ್ರಾಣ. ಅಷ್ಟು ಸಾಕಲ್ವಾ?

ಒಳ್ಳೆಯದೇ, ಆದರೆ ಸಾಲದು. ಒಂದು ಮಗುವನ್ನು ಮುದ್ದು ಮಾಡುವುದು ಬೇರೆ. ಮೂವತ್ತು ಮಕ್ಕಳ ಮುಂದೆ ನಿಂತು, ಅದರಲ್ಲಿ ನಿಮಗೆ ಇಷ್ಟವಾಗದ ಇಬ್ಬರಿಗೂ ಅಷ್ಟೇ ಶ್ರದ್ಧೆಯಿಂದ ಕಲಿಸುವುದು ಬೇರೆ. ಇಷ್ಟವಾಗದವರು ಇದ್ದೇ ಇರುತ್ತಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನಾಲ್ಕು ಜನರ ಮುಂದೆ ಮಾತಾಡೋಕೂ ಆಗಲ್ಲ, ಅಷ್ಟು ನಾಚಿಕೆ. ಟೀಚರ್ ಆಗೋ ಆಸೆ ಬಿಟ್ಟುಬಿಡ್ಲಾ?

ಬಿಡಬೇಡಿ. ವೇದಿಕೆ ಮೇಲೆ ಭಾಷಣ ಮಾಡುವುದಕ್ಕೂ ಕ್ಲಾಸಿಗೂ ಬಹಳ ವ್ಯತ್ಯಾಸ ಇದೆ. ಭಾಷಣದಲ್ಲಿ ಎಲ್ಲರ ಕಣ್ಣು ನಿಮ್ಮ ಮೇಲಿರುತ್ತದೆ. ಒಳ್ಳೆಯ ಕ್ಲಾಸಿನಲ್ಲಿ ಮಕ್ಕಳ ಕಣ್ಣು ಹೆಚ್ಚಿನ ಹೊತ್ತು ಪುಸ್ತಕದ ಮೇಲೆ, ಬೋರ್ಡಿನ ಮೇಲೆ, ಪಕ್ಕದವರ ಉತ್ತರದ ಮೇಲೆ ಇರುತ್ತದೆ. ಮಾತು ಕಡಿಮೆ ಇರುವವರು ಮಕ್ಕಳ ಮಾತನ್ನು ಜಾಸ್ತಿ ಕೇಳಿಸಿಕೊಳ್ಳುತ್ತಾರೆ. ಅದು ಈ ಕೆಲಸದಲ್ಲಿ ದೊಡ್ಡ ಅನುಕೂಲ.

ಮೊದಲ ಐದು ನಿಮಿಷ ಎಲ್ಲರಿಗೂ ಕೈ ನಡುಗುತ್ತದೆ. ಹಾಗಾಗಿ ಆ ಐದು ನಿಮಿಷಕ್ಕೆ ನಿಮ್ಮ ಮಾತೇ ಬೇಡದ ಕೆಲಸ ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ಒಂದು ಲೆಕ್ಕವನ್ನೋ ಪ್ರಶ್ನೆಯನ್ನೋ ಬರೆದಿಡಿ. ಮಕ್ಕಳು ಬರುತ್ತಲೇ ಅದನ್ನು ಬಿಡಿಸಲು ಶುರು ಮಾಡಲಿ. ನೀವು ಸಾಲುಗಳ ನಡುವೆ ಓಡಾಡುತ್ತಾ ನೋಡಿ. ಅಷ್ಟರಲ್ಲಿ ಉಸಿರು ಹತೋಟಿಗೆ ಬಂದಿರುತ್ತದೆ.

ಸಬ್ಜೆಕ್ಟ್ ಚೆನ್ನಾಗಿ ಗೊತ್ತಿದ್ರೆ ಪಾಠ ತಾನಾಗೇ ಬರುತ್ತೆ ಅಲ್ವಾ?

ಬರುವುದಿಲ್ಲ. ಹಾಗಂತ ವಿಷಯ ಗೊತ್ತಿಲ್ಲದೆ ಬರೀ ‘ಬೋಧನಾ ಕಲೆ’ಯಿಂದಲೂ ಬರುವುದಿಲ್ಲ. ಇವೆರಡರ ನಡುವೆ ಮೂರನೆಯ ಒಂದು ತಿಳಿವಳಿಕೆ ಇದೆ ಅಂತ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಬಿಡಿಸಿ ಹೇಳಿದರು. ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ತಲೆಗೆ ಹತ್ತುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಅನ್ನುವ ತಿಳಿವಳಿಕೆ ಅದು.

ದಶಮಾಂಶ ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. 0.25 ದೊಡ್ಡದೋ 0.3 ದೊಡ್ಡದೋ ಅಂದರೆ ಅನೇಕ ಮಕ್ಕಳು 0.25 ಅನ್ನುತ್ತಾರೆ, ಯಾಕಂದರೆ 25 ಅನ್ನುವುದು 3ಕ್ಕಿಂತ ದೊಡ್ಡದು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಈ ತಪ್ಪು ಹೊಳೆಯದೇ ಹೋಗಬಹುದು. ಅವರು ಅದನ್ನು ದಾಟಿ ಎಷ್ಟೋ ಕಾಲ ಆಗಿರುತ್ತದೆ. ಪಾಠ ಮಾಡಿ ಪಳಗಿದವರು ಮಾತ್ರ ಕ್ಲಾಸಿಗೆ ಹೋಗುವ ಮುಂಚೆಯೇ ಆ ತಪ್ಪಿಗೆ ಕಾಯುತ್ತಿರುತ್ತಾರೆ. ಬೇಕಂತಲೇ ಈ ಎರಡು ಸಂಖ್ಯೆಗಳನ್ನೇ ಬೋರ್ಡಿನ ಮೇಲೆ ಬರೆಯುತ್ತಾರೆ.

ಇದರ ಇನ್ನೊಂದು ಮಗ್ಗುಲು: ಓದುವಾಗ ಕಷ್ಟಪಟ್ಟವರು, ಎರಡೆರಡು ಸಲ ಓದಿ ಅರ್ಥ ಮಾಡಿಕೊಂಡವರು ಹಿಂಜರಿಯಬೇಕಾಗಿಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅನ್ನುವುದು ಅವರಿಗೆ ನೆನಪಿರುತ್ತದೆ.

ಚಿಕ್ಕ ಮಕ್ಕಳಿಗೆ ಕಲಿಸ್ಲಾ, ಹೈಸ್ಕೂಲಿಗಾ, ಕಾಲೇಜಿಗಾ?

ಬಹಳ ಜನ ಇದನ್ನು ಮೇಲೆ ಹತ್ತುವ ಮೆಟ್ಟಿಲ ಥರ ನೋಡುತ್ತಾರೆ, ಕಾಲೇಜು ದೊಡ್ಡದು, ಒಂದನೇ ಕ್ಲಾಸು ಚಿಕ್ಕದು ಅಂತ. ಅದು ಸುಳ್ಳು ಲೆಕ್ಕ. ಓದಲು ಬಾರದ ಮಗುವಿಗೆ ಓದು ಕಲಿಸುವುದಕ್ಕಿಂತ ಕಷ್ಟದ, ಸೂಕ್ಷ್ಮದ ಬೋಧನೆ ನನಗೆ ಗೊತ್ತಿರುವ ಮಟ್ಟಿಗೆ ಬೇರೆ ಇಲ್ಲ.

ಹೀಗೆ ಯೋಚಿಸಿ ನೋಡಿ. ನಿಮಗೆ ಒಂದು ವಿಷಯದ ಹುಚ್ಚು ಇದೆಯಾ? ಇತಿಹಾಸ ಬಿಟ್ಟು ಬೇರೇನೂ ಬೇಡ ಅನ್ನಿಸುತ್ತದಾ? ಹಾಗಾದರೆ ಹೈಸ್ಕೂಲು ಅಥವಾ ಅದಕ್ಕಿಂತ ಮೇಲಿನದು. ದಿನಕ್ಕೆ ಹತ್ತು ಥರದ ಕೆಲಸ, ಹಾಡು, ಲೆಕ್ಕ, ಜಗಳ ಬಿಡಿಸುವುದು, ಶೂ ಲೇಸ್ ಕಟ್ಟುವುದು ಎಲ್ಲ ಸೇರಿ ಒಂದೇ ಗುಂಪಿನ ಜೊತೆ ವರ್ಷವಿಡೀ ಇರುವುದು ಹಿಡಿಸುತ್ತದಾ? ಪ್ರಾಥಮಿಕ. ಹದಿಹರೆಯದವರ ಎದುರುತ್ತರ ಕೇಳಿ ನಿಮಗೆ ನಗು ಬರುತ್ತದೆ ಅಂದರೆ ಮಾಧ್ಯಮಿಕ ಶಾಲೆ ನಿಮಗಾಗಿ ಕಾಯುತ್ತಿದೆ. ಕಾಲೇಜಿನಲ್ಲಿ ಪಾಠದ ಜೊತೆ ಸಂಶೋಧನೆಯನ್ನೂ ಕೇಳುತ್ತಾರೆ. ಅದರಲ್ಲಿ ಆಸಕ್ತಿ ಇಲ್ಲದವರಿಗೆ ಅದೇ ಹೊರೆಯಾಗುತ್ತದೆ.

ವಯಸ್ಕರಿಗೆ ಕಲಿಸುವ ದಾರಿಯನ್ನು ಜನ ಮರೆತೇಬಿಡುತ್ತಾರೆ. ಭಾಷೆ, ಕಂಪ್ಯೂಟರ್, ಕುಶಲ ಕೆಲಸ, ಅಕ್ಷರ ಕಲಿಕೆ ಎಲ್ಲದರಲ್ಲೂ ಕಲಿಸುವವರು ಬೇಕು. ಉದಾಹರಣೆಗೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಡ್ಜ್‌ನ ಸೆಲ್ಟಾ ಅನ್ನುವ ಕೋರ್ಸ್ ಇದೆ. ಅದು ಕನಿಷ್ಠ 120 ಗಂಟೆಯದು, ಅದರಲ್ಲಿ 6 ಗಂಟೆ ನಿಜವಾದ ಕಲಿಯುವವರ ಮುಂದೆ ಪಾಠ ಮಾಡಲೇಬೇಕು.

‘ಬೇರೆ ಏನೂ ಸಿಗದೇ ಇದ್ದೋರು ಟೀಚರ್ ಆಗ್ತಾರೆ’ ಅಂತ ಮನೇಲಿ ಹಂಗಿಸ್ತಾರೆ. ಏನು ಹೇಳ್ಲಿ?

ಏನೂ ಹೇಳಬೇಡಿ. ಫಿನ್ಲೆಂಡ್‌ನಲ್ಲಿ ಪ್ರಾಥಮಿಕ ಶಿಕ್ಷಕರ ಕೋರ್ಸಿಗೆ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರಿಗೆ ಸೀಟೇ ಸಿಗುವುದಿಲ್ಲ ಅಂತ ಬೇಕಾದರೆ ಒಂದು ಸಲ ಹೇಳಿ ನೋಡಿ. ವಾದದಲ್ಲಿ ಗೆದ್ದು ಆಗಬೇಕಾದ್ದು ಏನೂ ಇಲ್ಲ.

## ತರಬೇತಿಯ ಬಗ್ಗೆ

ಇಷ್ಟು ವರ್ಷ ಕ್ಲಾಸಲ್ಲಿ ಕೂತು ನೋಡಿದ್ದೀನಿ. ಮತ್ತೆ ಯಾಕೆ ಟ್ರೈನಿಂಗ್?

ಇದೇ ಸಮಸ್ಯೆ. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರನ್ನು ನೋಡುತ್ತಾ ಕಳೆದಿರುತ್ತಾನೆ ಅಂತ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಲೆಕ್ಕ ಕೊಟ್ಟಿದ್ದರು. ಬೇರೆ ಯಾವ ಕೆಲಸವನ್ನೂ ನಾವು ಇಷ್ಟು ಹತ್ತಿರದಿಂದ ಇಷ್ಟು ದೀರ್ಘಕಾಲ ನೋಡಿರುವುದಿಲ್ಲ. ಆದರೆ ನೋಡಿದ್ದು ಬೆಂಚಿನ ಕಡೆಯಿಂದ. ಮೇಷ್ಟ್ರು ಯಾಕೆ ಆ ಪ್ರಶ್ನೆಯನ್ನು ಆ ಹುಡುಗನಿಗೇ ಕೇಳಿದರು, ಹಿಂದಿನ ರಾತ್ರಿ ಏನು ತಯಾರಿ ಮಾಡಿದರು, ಅರ್ಧ ಪಾಠದಲ್ಲಿ ಯೋಜನೆಯನ್ನು ಯಾಕೆ ಬದಲಿಸಿದರು ಅನ್ನುವುದು ಬೆಂಚಿನಿಂದ ಕಾಣುವುದಿಲ್ಲ.

ಇದರ ಪರಿಣಾಮ ಏನಾಗುತ್ತದೆ ಗೊತ್ತಾ? ಒತ್ತಡ ಬಂದಾಗ ನಾವು ನಮ್ಮ ಹಳೆಯ ಮೇಷ್ಟ್ರ ಥರವೇ ಮಾತಾಡಲು ಶುರು ಮಾಡುತ್ತೇವೆ, ಅವರು ನಮಗೆ ಹಿಡಿಸದೇ ಇದ್ದವರಾದರೂ ಸರಿ. ಗೊತ್ತಿಲ್ಲದೆ ಹತ್ತಿದ ಈ ಅಭ್ಯಾಸಗಳನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಒಳ್ಳೆಯ ತರಬೇತಿಯ ದೊಡ್ಡ ಉಪಯೋಗ.

ಯಾವ ಯಾವ ದಾರಿಗಳಿವೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ದೇಶ ಯಾವುದಾದರೂ ದಾರಿಗಳು ಮೂರೇ. ಒಂದು, ಪದವಿಯ ಜೊತೆಜೊತೆಗೇ ಶಿಕ್ಷಕ ತರಬೇತಿ. ಎರಡು, ಪದವಿ ಮುಗಿಸಿ ಆಮೇಲೆ ತರಬೇತಿ. ಮೂರು, ಶಾಲೆಯಲ್ಲಿ ಕೆಲಸ ಮಾಡುತ್ತಲೇ ತರಬೇತಿ.

ಫಿನ್ಲೆಂಡ್ ಮೊದಲನೆಯದಕ್ಕೆ ಹೆಸರಾದದ್ದು. ಅಲ್ಲಿ 1970ರ ದಶಕದ ಕೊನೆಯಿಂದ ಪ್ರಾಥಮಿಕ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಓದು ಮುಗಿದ ಮೇಲೆ ಒಂದರಿಂದ ಎರಡು ವರ್ಷ ಶಾಲೆಯಲ್ಲಿ ಸಂಬಳ ಪಡೆಯುತ್ತಾ ಅಭ್ಯಾಸ ಮಾಡಿ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಇಂಗ್ಲೆಂಡ್‌ನಲ್ಲಿ ಪದವಿಯ ನಂತರ ಒಂದು ವರ್ಷದ ಕೋರ್ಸು ಸಾಮಾನ್ಯ. 2021ರ ಸೆಪ್ಟೆಂಬರ್‌ನಿಂದ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಮಾರ್ಗದರ್ಶಕರ ಜೊತೆ ಕಲಿಯುವ ವ್ಯವಸ್ಥೆ ಬಂದಿದೆ. ಸಿಂಗಪುರದಲ್ಲಿ ಶಾಲಾ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆ ಒಂದೇ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್. ಭಾರತದಲ್ಲಿ ಪದವಿಯ ನಂತರದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಒಂದರಿಂದ ಐದನೇ ತರಗತಿಗೆ ಬಿ.ಎಡ್. ಅರ್ಹತೆಯಾಗುವುದಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಅಲ್ಲಿ ಮೂರನೆಯ ದಾರಿಯೂ ಚಾಲ್ತಿಯಲ್ಲಿದೆ.

ಇದರಿಂದ ನಿಮಗೆ ಬೇಕಾದ್ದು ಇಷ್ಟು: ಯಾವ ವಯಸ್ಸಿನವರಿಗೆ, ಯಾವ ವಿಷಯ, ಎಲ್ಲಿ ಕಲಿಸಬೇಕು ಅನ್ನುವುದನ್ನು ಮೊದಲು ನಿರ್ಧರಿಸಿ, ಕೋರ್ಸನ್ನು ಆಮೇಲೆ ಆರಿಸಿ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಸಿಕ್ಕ ಕೋರ್ಸಿಗೆ ಸೇರಿ, ಆಮೇಲೆ ‘ಈ ಕ್ಲಾಸಿಗೆ ಈ ಸರ್ಟಿಫಿಕೇಟ್ ನಡೆಯಲ್ಲ’ ಅನ್ನಿಸಿಕೊಳ್ಳುತ್ತಾರೆ. ನಿಯಮಗಳನ್ನು ಕಾಲೇಜಿನ ಜಾಹೀರಾತಿನಲ್ಲಿ ಓದಬೇಡಿ. ನೇಮಕ ಮಾಡುವ ಇಲಾಖೆಯ ಅಧಿಸೂಚನೆಯಲ್ಲೇ ಓದಿ.

ಕೋರ್ಸ್ ಒಳ್ಳೇದೋ ಅಲ್ವೋ ಅಂತ ಸೇರೋ ಮುಂಚೆ ಹೇಗೆ ತಿಳಿಯೋದು?

ಕಟ್ಟಡ ನೋಡಬೇಡಿ. ಮೂರು ಪ್ರಶ್ನೆ ಕೇಳಿ. ನಿಜವಾದ ಮಕ್ಕಳ ಮುಂದೆ ಎಷ್ಟು ವಾರ ಪಾಠ ಮಾಡಿಸುತ್ತೀರಿ? ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡುವವರು ಯಾರು? ನೋಡಿದ ಮೇಲೆ ಅವರು ನನ್ನ ಜೊತೆ ಎಷ್ಟು ಹೊತ್ತು ಕೂತು ಮಾತಾಡುತ್ತಾರೆ? ಮೂರನೆಯದಕ್ಕೆ ತಡವರಿಸಿದರೆ ಅಲ್ಲಿ ಅಭ್ಯಾಸ ಪಾಠ ಅಂದರೆ ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸುವುದು ಅಷ್ಟೇ ಅಂತ ತಿಳಿಯಿರಿ.

ಮೈಕ್ರೋಟೀಚಿಂಗ್ ಮಾಡಿಸುತ್ತಾರಾ ಅಂತಲೂ ವಿಚಾರಿಸಿ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಜೊತೆಗಾರರು ಶುರು ಮಾಡಿದ ಪದ್ಧತಿ ಇದು. ಚಿಕ್ಕ ಗುಂಪಿಗೆ ಕೆಲವೇ ನಿಮಿಷದ ಪಾಠ, ಒಂದೇ ಕೌಶಲದ ಮೇಲೆ ಗಮನ, ಆಮೇಲೆ ವಿಡಿಯೊ ನೋಡಿ ತಿದ್ದಿಕೊಂಡು ಮತ್ತೆ ಪಾಠ. ತಮ್ಮ ವಿಡಿಯೊ ತಾವೇ ನೋಡುವುದು ಎಲ್ಲರಿಗೂ ಹಿಂಸೆ. ಆದರೂ ಎರಡು ನಿಮಿಷದ ವಿಡಿಯೊ ಕಲಿಸುವುದನ್ನು ಎಷ್ಟೋ ಉಪನ್ಯಾಸಗಳು ಕಲಿಸುವುದಿಲ್ಲ.

ಆನ್‌ಲೈನ್‌ನಲ್ಲೇ ಪೂರ್ತಿ ಕೋರ್ಸ್ ಮಾಡಿದ್ರೆ ಆಗಲ್ವಾ?

ಸಿದ್ಧಾಂತದ ಭಾಗ ಆಗುತ್ತದೆ. ಮಕ್ಕಳ ಮುಂದೆ ನಿಲ್ಲುವ ಭಾಗ ಆಗುವುದಿಲ್ಲ. ಸೇರುವ ಮುಂಚೆ ನೇಮಕಾತಿಗೆ ಅದಕ್ಕೆ ಮಾನ್ಯತೆ ಇದೆಯಾ ಅಂತ ಲಿಖಿತವಾಗಿ ನೋಡಿಕೊಳ್ಳಿ.

‘ನೋಡಿ ಕಲಿಯೋರು, ಕೇಳಿ ಕಲಿಯೋರು, ಮಾಡಿ ಕಲಿಯೋರು’ ಅಂತ ಮಕ್ಕಳನ್ನ ಬೇರೆ ಮಾಡಬೇಕು ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ರು. ನಿಜಾನಾ?

ಪರೀಕ್ಷೆಗೆ ಬೇಕಾದರೆ ಬರೆಯಿರಿ, ಕ್ಲಾಸಿಗೆ ತರಬೇಡಿ. 2008ರಲ್ಲಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಇತರ ಮನೋವಿಜ್ಞಾನಿಗಳು ಈ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದರು. ಮಗುವಿನ ‘ಶೈಲಿ’ಗೆ ಹೊಂದಿಸಿ ಕಲಿಸಿದರೆ ಜಾಸ್ತಿ ಕಲಿಯುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ. ಮಗುವಿಗಿಂತ ಪಾಠ ಏನು ಕೇಳುತ್ತದೆ ಅನ್ನುವುದು ಮುಖ್ಯ. ನಕ್ಷೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ಇದರ ಬದಲು ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ತೋರಿಸಿದ್ದನ್ನು ನೆನಪಿಡಿ. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪಾಠದ ಶುರುವಿನಲ್ಲಿ ‘ಹೋದ ವಾರದ್ದು ಏನು ನೆನಪಿದೆ, ಬರೆಯಿರಿ’ ಅನ್ನುವ ಸಣ್ಣ ಅಭ್ಯಾಸ ಇಲ್ಲಿಂದಲೇ ಹುಟ್ಟುತ್ತದೆ.

ಬೇರೆ ಕೆಲಸದಲ್ಲಿ ಹತ್ತು ಹನ್ನೆರಡು ವರ್ಷ ಕಳೆದಿದ್ದೀನಿ. ಈಗ ಬರೋದು ಲೇಟ್ ಆಯ್ತಾ?

ಪಾಠ ಮಾಡುವುದಕ್ಕೆ ಲೇಟ್ ಆಗಿಲ್ಲ. ಸರ್ಕಾರಿ ನೇಮಕಾತಿಯಲ್ಲಿ ವಯೋಮಿತಿ ಇರಬಹುದು, ಅದನ್ನು ಮೊದಲು ನೋಡಿ. ನಿಮಗೆ ಎದುರಾಗುವ ಕಷ್ಟ ವಯಸ್ಸಿನದ್ದಲ್ಲ. ನಿಮ್ಮ ಹಳೆಯ ಕೆಲಸದಲ್ಲಿ ನೀವು ನುರಿತವರು, ನಾಲ್ಕು ಜನ ನಿಮ್ಮನ್ನು ಕೇಳಿ ಮಾಡುತ್ತಿದ್ದರು. ಇಲ್ಲಿ ಇಪ್ಪತ್ತಮೂರು ವರ್ಷದ ಸಹೋದ್ಯೋಗಿ ನಿಮಗಿಂತ ಚೆನ್ನಾಗಿ ಕ್ಲಾಸ್ ನಡೆಸುತ್ತಿರುತ್ತಾರೆ. ಅವರ ಹತ್ತಿರ ಕೇಳಿ ಕಲಿಯಲು ಮನಸ್ಸು ಒಪ್ಪುತ್ತದಾ ಅನ್ನುವುದೇ ಪ್ರಶ್ನೆ. ಒಪ್ಪಿದರೆ ನಿಮ್ಮ ಹೊರಗಿನ ಅನುಭವ ಬಂಡವಾಳ. ಇಲ್ಲದಿದ್ದರೆ ‘ನಮ್ಮ ಕಂಪನಿಯಲ್ಲಿ ಹೀಗಿರಲಿಲ್ಲ’ ಅನ್ನುತ್ತಲೇ ವರ್ಷ ಮುಗಿಯುತ್ತದೆ. ಕೆಲಸ ಬಿಡುವ ಮುಂಚೆ ವಾರಾಂತ್ಯದಲ್ಲಿ ಎಲ್ಲಾದರೂ ಕಲಿಸಿ ನೋಡಿ.

## ಕೆಲಸ ಹುಡುಕುವಾಗ

ಡೆಮೊ ಕ್ಲಾಸ್‌ಗೆ ಕರೆದಿದ್ದಾರೆ. ಹದಿನೈದು ನಿಮಿಷದಲ್ಲಿ ಏನು ಮಾಡ್ಲಿ?

ಕಡಿಮೆ ಮಾಡಿ. ಹದಿನೈದು ನಿಮಿಷಕ್ಕೆ ಒಂದೇ ಒಂದು ಅಂಶ ಸಾಕು. ದ್ಯುತಿಸಂಶ್ಲೇಷಣೆ ಪೂರ್ತಿ ಹೇಳುತ್ತೇನೆ ಅಂತ ಹೊರಟವರು ಹದಿಮೂರನೇ ನಿಮಿಷದಲ್ಲಿ ಓಡುತ್ತಿರುತ್ತಾರೆ. ‘ಗಿಡ ತೂಕ ಹೆಚ್ಚಿಸಿಕೊಳ್ಳುವುದು ಎಲ್ಲಿಂದ’ ಅನ್ನುವ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗಿ.

ಹೀಗೆ ನಡೆಸಬಹುದು. ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಉತ್ತರ ಬರೆಯಲಿ. ಬಹಳಷ್ಟು ಮಕ್ಕಳು ‘ಮಣ್ಣಿನಿಂದ’ ಅಂತ ಬರೆಯುತ್ತಾರೆ. ತಪ್ಪು ಅನ್ನಬೇಡಿ. ‘ಹಾಗಾದರೆ ಕುಂಡದ ಮಣ್ಣು ಖಾಲಿ ಆಗಬೇಕಲ್ವಾ?’ ಅಂತ ಕೇಳಿ ಸುಮ್ನಿರಿ. ಸ್ವಲ್ಪ ಗುಸುಗುಸು ಆಗಲಿ. ಆಮೇಲೆ 17ನೇ ಶತಮಾನದ ವಿಜ್ಞಾನಿ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಮಾಡಿದ ಪ್ರಯೋಗ ಹೇಳಿ. ಆತ ಒಂದು ವಿಲ್ಲೋ ಗಿಡವನ್ನು ತೂಕ ಮಾಡಿದ ಮಣ್ಣಿನಲ್ಲಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಗಿಡದ ತೂಕ ಸುಮಾರು 164 ಪೌಂಡ್ ಹೆಚ್ಚಿತ್ತು. ಮಣ್ಣು ಕಡಿಮೆಯಾದದ್ದು ಕೆಲವೇ ಔನ್ಸ್. ಆತ ‘ಎಲ್ಲ ನೀರಿನಿಂದ’ ಅಂದುಕೊಂಡ. ಅದೂ ಪೂರ್ತಿ ಸರಿಯಲ್ಲ. ಹಾಗಾದರೆ ಇನ್ನೇನು ಉಳಿಯಿತು? ಗಾಳಿ ಅನ್ನುವ ಮಾತು ಮಕ್ಕಳ ಬಾಯಿಂದಲೇ ಬಂದರೆ ನಿಮ್ಮ ಡೆಮೊ ಗೆದ್ದಿತು.

ಕೊನೆಯ ಎರಡು ನಿಮಿಷದಲ್ಲಿ ಮತ್ತೊಮ್ಮೆ ಚೀಟಿಯಲ್ಲಿ ಬರೆಸಿ. ಆ ಚೀಟಿಗಳನ್ನು ಸಂದರ್ಶನ ಮಾಡುವವರ ಮುಂದೆ ಇಟ್ಟು, ‘ಇಷ್ಟು ಮಕ್ಕಳಿಗೆ ಇನ್ನೂ ಗೊಂದಲ ಇದೆ, ನಾಳೆ ಇಲ್ಲಿಂದ ಶುರು ಮಾಡುತ್ತೇನೆ’ ಅನ್ನಿ. ಹೀಗೆ ಹೇಳುವ ಅಭ್ಯರ್ಥಿಗಳು ವಿರಳ. ಎದುರಿಗೆ ಮಕ್ಕಳ ಬದಲು ದೊಡ್ಡವರೇ ಕೂತಿದ್ದರೂ ಇದೇ ಮಾಡಿ. ‘ನೀವು ಏಳನೇ ಕ್ಲಾಸಿನವರು ಅಂದುಕೊಳ್ಳಿ’ ಅಂದರೆ ಸಂದರ್ಶಕರೂ ಮಣ್ಣು ಅಂತಲೇ ಬರೆಯುವುದುಂಟು.

ಇಂಟರ್‌ವ್ಯೂ ಕೊನೇಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ’ ಅಂತಾರೆ. ಏನು ಕೇಳೋದು?

ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಪೀರಿಯಡ್, ಪಾಠ ಬಿಟ್ಟು ಬೇರೆ ಏನೇನು ಕೆಲಸ ಅಂತ ಕೇಳಿ. ಹೊಸಬರಿಗೆ ಹಿರಿಯರೊಬ್ಬರನ್ನು ಜೊತೆ ಮಾಡುತ್ತೀರಾ ಅಂತ ಕೇಳಿ. ಹೋದ ವರ್ಷ ಎಷ್ಟು ಜನ ಬಿಟ್ಟು ಹೋದರು ಅಂತ ಮಾತ್ರ ಆಫೀಸಿನಲ್ಲಿ ಕೇಳಬೇಡಿ. ಸ್ಟಾಫ್ ರೂಮಿನಲ್ಲಿ ಕೂತವರನ್ನು ಕೇಳಿ, ನಿಜ ಗೊತ್ತಾಗುತ್ತದೆ.

ಸಂಬಳ ಕಮ್ಮಿ ಅಂತಾರಲ್ಲ?

ಅಷ್ಟೇ ಓದಿದ ಬೇರೆ ಉದ್ಯೋಗದವರಿಗೆ ಹೋಲಿಸಿದರೆ ಬಹಳ ದೇಶಗಳಲ್ಲಿ ಕಮ್ಮಿಯೇ. ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ, ಕಾಯಂ ಹುದ್ದೆಗೂ ತಾತ್ಕಾಲಿಕ ಹುದ್ದೆಗೂ ಅಜಗಜಾಂತರ. ‘ಇದು ಸೇವೆ, ದುಡ್ಡಿನ ಮಾತು ಬೇಡ’ ಅನ್ನುವವರ ಮಾತು ಕೇಳಬೇಡಿ. ಶಿಕ್ಷಕರ ಸಂಬಳ, ಕೆಲಸದ ಸ್ಥಿತಿಗತಿ ಹೇಗಿರಬೇಕು ಅಂತ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1966ರ ಅಕ್ಟೋಬರ್ 5ರಂದು ಶಿಫಾರಸು ಒಪ್ಪಿಕೊಂಡಿವೆ. ವಿಶ್ವ ಶಿಕ್ಷಕರ ದಿನ ಆ ತಾರೀಕಿಗೆ ಬಂದದ್ದೂ ಅದಕ್ಕೇ. ಸೇರುವ ಮುಂಚೆ ಸಂಬಳ, ರಜೆ, ಬೇಸಿಗೆಯ ತಿಂಗಳುಗಳ ಸಂಬಳ ಮೂರನ್ನೂ ಕಾಗದದ ಮೇಲೆ ಪಡೆಯಿರಿ.

ಎಐ ಎಲ್ಲಾ ಹೇಳಿಕೊಡುತ್ತೆ. ಇನ್ನು ಹತ್ತು ವರ್ಷಕ್ಕೆ ಟೀಚರ್ ಕೆಲಸ ಇರುತ್ತಾ?

2030ರೊಳಗೆ ಜಗತ್ತಿಗೆ ಇನ್ನೂ 4.4 ಕೋಟಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಕರು ಬೇಕು ಅಂತ ಯುನೆಸ್ಕೊ ಅಂದಾಜು ಮಾಡಿದೆ. ಈಗಿರುವ ಸಮಸ್ಯೆ ಕೊರತೆಯದು. ವಿವರಣೆ ಬೇಕಾದವರಿಗೆ ಯಂತ್ರ ವಿವರಣೆ ಕೊಡುತ್ತದೆ, ನಿಜ. ಆದರೆ ಕಲಿಯಲು ಮನಸ್ಸಿಲ್ಲದ ಹನ್ನೆರಡು ವರ್ಷದ ಹುಡುಗ ಯಂತ್ರವನ್ನು ಕೇಳುವುದೇ ಇಲ್ಲ. ಅವನನ್ನು ಕೂರಿಸುವುದು ನಿಮ್ಮ ಕೆಲಸ.

## ಕ್ಲಾಸಿನೊಳಗೆ

ಗಲಾಟೆ ಕಂಟ್ರೋಲ್ ಮಾಡೋಕೆ ಆಗ್ತಿಲ್ಲ. ಕೂಗಿ ಕೂಗಿ ಗಂಟಲು ಹೋಗಿದೆ.

ಗಲಾಟೆ ಶುರುವಾದ ಮೇಲೆ ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಜೇಕಬ್ ಕೌನಿನ್ ಅನ್ನುವ ಮನೋವಿಜ್ಞಾನಿಯೂ ಅದನ್ನೇ ಹುಡುಕಲು ಹೊರಟಿದ್ದರು. ಎಷ್ಟೋ ಕ್ಲಾಸುಗಳ ವಿಡಿಯೊ ನೋಡಿ 1970ರಲ್ಲಿ ಅವರು ಪ್ರಕಟಿಸಿದ್ದು ಬೇರೆಯೇ. ಗಲಾಟೆ ಆದ ಮೇಲೆ ಗದರುವ ರೀತಿಯಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕಿಂತ ಮುಂಚೆ. ಒಳ್ಳೆಯ ಶಿಕ್ಷಕರಿಗೆ ಕ್ಲಾಸಿನ ಮೂಲೆಮೂಲೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿರುತ್ತಿತ್ತು, ಗೊತ್ತಿದೆ ಅಂತ ಮಕ್ಕಳಿಗೂ ಗೊತ್ತಿರುತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಅವರು ಖಾಲಿ ಹೊತ್ತು ಬಿಡುತ್ತಿರಲಿಲ್ಲ.

ಒಂದು ವಾರ ಹೀಗೆ ಮಾಡಿ. ಗಲಾಟೆ ಯಾವ ಹೊತ್ತಿನಲ್ಲಿ ಶುರುವಾಗುತ್ತದೆ ಅಂತ ಬರೆದುಕೊಳ್ಳಿ. ನೀವು ಬೋರ್ಡಿಗೆ ಮುಖ ಮಾಡಿದಾಗ, ನೋಟ್‌ಬುಕ್ ಹಂಚುವಾಗ, ಬೇಗ ಮುಗಿಸಿದವರಿಗೆ ಕೆಲಸ ಇಲ್ಲದಾಗ. ಈ ಮೂರರಲ್ಲೇ ಬಹುಪಾಲು ಸಿಗುತ್ತದೆ. ಓರೆಯಾಗಿ ನಿಂತು ಬರೆಯಿರಿ, ನೋಟ್‌ಬುಕ್ ಸಾಲಿಗೊಬ್ಬರಂತೆ ಹಂಚಲಿ, ಬೇಗ ಮುಗಿಸಿದವರಿಗೆ ಇನ್ನೊಂದು ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಇರಲಿ. ಹೊಡೆಯುವುದು, ಅವಮಾನ ಮಾಡುವುದು ಕಾನೂನಿನ ಮಾತು ಹಾಗಿರಲಿ, ಕೆಲಸಕ್ಕೂ ಬರುವುದಿಲ್ಲ.

ಪ್ರಶ್ನೆ ಕೇಳಿದ್ರೆ ಅದೇ ಇಬ್ಬರು ಕೈ ಎತ್ತುತ್ತಾರೆ. ಉಳಿದೋರು ಬಾಯೇ ಬಿಡಲ್ಲ.

ನೀವು ಎಷ್ಟು ಹೊತ್ತು ಕಾಯುತ್ತೀರಿ? ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳನ್ನು ಧ್ವನಿಮುದ್ರಿಸಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಮೂರು ಸೆಕೆಂಡ್ ಕೇಳಲು ಚಿಕ್ಕದು, ಕ್ಲಾಸಿನ ಮುಂದೆ ನಿಂತಾಗ ಯುಗ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ. ಜೊತೆಗೆ ಪ್ರಶ್ನೆ ಮೊದಲು ಕೇಳಿ, ಹೆಸರು ಆಮೇಲೆ ಹೇಳಿ. ಹೆಸರು ಮೊದಲು ಹೇಳಿದರೆ ಉಳಿದವರೆಲ್ಲ ಯೋಚನೆ ನಿಲ್ಲಿಸುತ್ತಾರೆ.

ನನಗೇ ಗೊತ್ತಿಲ್ಲದ್ದನ್ನ ಮಕ್ಕಳು ಕೇಳಿದ್ರೆ?

‘ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ’ ಅನ್ನಿ. ನಾಳೆ ಮರೆಯಬೇಡಿ. ಮಕ್ಕಳು ನೆನಪಿಟ್ಟುಕೊಂಡಿರುತ್ತಾರೆ.

ನೋಟ್‌ಬುಕ್ ತಿದ್ದೋದ್ರಲ್ಲೇ ರಾತ್ರಿ ಕಳೆದುಹೋಗ್ತಿದೆ. ಇದಕ್ಕೆ ದಾರಿ ಇಲ್ವಾ?

ಕ್ಲಾಸಿನಲ್ಲಿ ಪಾಠ ಮಾಡುವ ಸಮಯ ಶಿಕ್ಷಕರ ಒಟ್ಟು ಕೆಲಸದ ಸಮಯದಲ್ಲಿ ಹೆಚ್ಚುಕಮ್ಮಿ ಅರ್ಧ ಅಂತ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಆರ್ಥಿಕ ಸಂಘಟನೆಯ 2018ರ ಸಮೀಕ್ಷೆ ಹೇಳುತ್ತದೆ. ಉಳಿದದ್ದು ತಯಾರಿ, ತಿದ್ದುವುದು, ಸಭೆ, ಕಾಗದಪತ್ರ. ಹಾಗಾಗಿ ನಿಮ್ಮೊಬ್ಬರದೇ ಕಥೆ ಅಲ್ಲ.

ಎಲ್ಲವನ್ನೂ ತಿದ್ದಬೇಡಿ. ರುತ್ ಬಟ್ಲರ್ ಅನ್ನುವ ಸಂಶೋಧಕಿ 1988ರಲ್ಲಿ ಮಕ್ಕಳ ಮೂರು ಗುಂಪು ಮಾಡಿದರು. ಒಂದಕ್ಕೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಎರಡೂ. ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ, ಅಂಕ ನೋಡಿದ ಮೇಲೆ ಟಿಪ್ಪಣಿ ಯಾರು ಓದುತ್ತಾರೆ! ವಾರಕ್ಕೆ ಒಂದು ಕೆಲಸವನ್ನು ಮಾತ್ರ ಸರಿಯಾಗಿ ನೋಡಿ, ಒಂದು ಸಾಲು ಬರೆಯಿರಿ, ಮರುದಿನ ಕ್ಲಾಸಿನಲ್ಲೇ ತಿದ್ದಿಕೊಳ್ಳಲು ಹತ್ತು ನಿಮಿಷ ಕೊಡಿ. ಹತ್ತು ಮಕ್ಕಳು ಒಂದೇ ತಪ್ಪು ಮಾಡಿದ್ದರೆ ಹತ್ತು ಸಲ ಬರೆಯಬೇಡಿ, ಮತ್ತೆ ಪಾಠ ಮಾಡಿ.

ಸೇರಿ ಆರು ತಿಂಗಳಾಯ್ತು. ಬಿಟ್ಟುಬಿಡೋಣ ಅನ್ನಿಸ್ತಿದೆ.

ಅಮೆರಿಕದಲ್ಲಿ ಹೊಸ ಶಿಕ್ಷಕರಲ್ಲಿ ಶೇಕಡಾ 40ಕ್ಕೂ ಜಾಸ್ತಿ ಜನ ಐದು ವರ್ಷದೊಳಗೆ ಬಿಡುತ್ತಾರೆ ಅಂತ ಶಿಕ್ಷಣ ಸಂಶೋಧಕ ರಿಚರ್ಡ್ ಇಂಗರ್ಸಾಲ್ ಅವರ ಅಧ್ಯಯನಗಳು ಹೇಳುತ್ತವೆ. ಮಾರ್ಗದರ್ಶಕರು, ಜೊತೆಯವರು ಸಿಕ್ಕವರು ಬಿಡುವುದು ಕಡಿಮೆ ಅಂತಲೂ ಅವೇ ಅಧ್ಯಯನಗಳು ತೋರಿಸಿವೆ.

ಹಾಗಾಗಿ ಬೇಸರ ಬಂದಿರುವುದು ಯಾವುದರ ಮೇಲೆ ಅಂತ ಬಿಡಿಸಿ ನೋಡಿ. ಆ ಶಾಲೆಯ ಮೇಲೆ ಆದರೆ ಶಾಲೆ ಬದಲಿಸಿ. ಆ ವಯಸ್ಸಿನ ಮಕ್ಕಳು ಹಿಡಿಸುತ್ತಿಲ್ಲ ಅಂದರೆ ಮುಂದಿನ ವರ್ಷ ಬೇರೆ ತರಗತಿ ಕೇಳಿ. ಮೊದಲ ವರ್ಷದ ಪಾಠಗಳನ್ನೆಲ್ಲ ಸೊನ್ನೆಯಿಂದ ತಯಾರು ಮಾಡುವ ಸುಸ್ತಾದರೆ ಎರಡನೇ ವರ್ಷಕ್ಕೆ ಅರ್ಧ ಇಳಿಯುತ್ತದೆ. ಇವು ಯಾವುವೂ ಅಲ್ಲ, ತಪ್ಪು ಉತ್ತರ ನೋಡಿದರೇ ಜಿಗುಪ್ಸೆ ಬರುತ್ತಿದೆ ಅಂದರೆ ಬಿಡುವುದರಲ್ಲಿ ಅವಮಾನ ಏನೂ ಇಲ್ಲ. ವರ್ಷದ ನಡುವೆ ಬಿಡಬೇಡಿ ಅಷ್ಟೇ.

## ಕೆಲವು ವರ್ಷ ಕಳೆದವರಿಗೆ

ಏಳೆಂಟು ವರ್ಷ ಆಯ್ತು. ಅದೇ ಪಾಠ, ಅದೇ ಜೋಕು. ನಾನು ಸುಧಾರಿಸ್ತಾ ಇಲ್ಲ ಅನ್ನಿಸುತ್ತೆ.

ಈ ಕೆಲಸದ ದೊಡ್ಡ ಕೊರತೆ ಅಂದರೆ ಬಾಗಿಲು ಮುಚ್ಚಿದ ಮೇಲೆ ನಿಮ್ಮ ಕೆಲಸವನ್ನು ಇನ್ನೊಬ್ಬ ದೊಡ್ಡವರು ನೋಡುವುದೇ ಇಲ್ಲ. ಜಪಾನಿನ ಶಾಲೆಗಳಲ್ಲಿ ಇದಕ್ಕೆ ‘ಜುಗ್ಯೋ ಕೆಂಕ್ಯೂ’ ಅನ್ನುವ ಹಳೆಯ ಪದ್ಧತಿ ಇದೆ. ಕೆಲವು ಶಿಕ್ಷಕರು ಸೇರಿ ಒಂದೇ ಪಾಠವನ್ನು ಬಹಳ ದಿನ ಕೂತು ತಯಾರು ಮಾಡುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಚರ್ಚೆ ನಡೆಯುವುದು ಪಾಠದ ಬಗ್ಗೆ, ಪಾಠ ಮಾಡಿದವರ ಬಗ್ಗೆ ಅಲ್ಲ.

ಇಡೀ ಶಾಲೆ ಒಪ್ಪಬೇಕಾಗಿಲ್ಲ. ಒಬ್ಬ ಸಹೋದ್ಯೋಗಿ ಸಾಕು. ತಿಂಗಳಿಗೊಂದು ಪೀರಿಯಡ್ ಅವರು ನಿಮ್ಮ ಕ್ಲಾಸಿಗೆ, ನೀವು ಅವರ ಕ್ಲಾಸಿಗೆ. ನಿಮ್ಮನ್ನು ನೋಡುವ ಬದಲು ಹಿಂದಿನ ಬೆಂಚಿನ ಮೂರು ಮಕ್ಕಳನ್ನು ಮಾತ್ರ ನೋಡಲು ಹೇಳಿ. ಯಾವ ನಿಮಿಷದಲ್ಲಿ ಅವರು ಪೆನ್ನು ಕೆಳಗಿಟ್ಟರು, ಯಾವಾಗ ಪಕ್ಕದವರದ್ದು ನೋಡಿ ಬರೆದರು ಅಂತ ಬರೆದುಕೊಳ್ಳಲಿ. ಆ ಒಂದು ಹಾಳೆ ನಿಮ್ಮ ಪಾಠದಲ್ಲಿ ಎಲ್ಲಿ ದಾರಿ ತಪ್ಪಿತು ಅಂತ ನಿಮಿಷದ ಸಮೇತ ಹೇಳುತ್ತದೆ.

ಹೆಡ್ ಮಾಸ್ಟರ್ ಆಗೋ ಅವಕಾಶ ಬಂದಿದೆ. ಹೋಗ್ಲಾ, ಪಾಠಾನೇ ಮಾಡ್ಕೊಂಡಿರ್ಲಾ?

ಬಡ್ತಿ ಅಂದರೆ ಪಾಠ ಬಿಡುವುದು ಅನ್ನುವ ವ್ಯವಸ್ಥೆ ಬಹಳ ಕಡೆ ಇದೆ. ಅದಕ್ಕೇ ಒಳ್ಳೆಯ ಶಿಕ್ಷಕರು ಕ್ಲಾಸಿನಿಂದ ಆಫೀಸಿಗೆ ಹೋಗುತ್ತಾರೆ. ಸಿಂಗಪುರದಲ್ಲಿ ಇದಕ್ಕೆ ಮೂರು ದಾರಿ ಮಾಡಿದ್ದಾರೆ: ಆಡಳಿತದ್ದು, ಬೋಧನೆಯದ್ದು, ವಿಷಯ ತಜ್ಞರದ್ದು. ಬೋಧನೆಯಲ್ಲೇ ಉಳಿದು ಮಾಸ್ಟರ್ ಟೀಚರ್ ಆಗುವವರೆಗೂ ಮೇಲೆ ಹೋಗಬಹುದು. ನಿಮ್ಮಲ್ಲಿ ಅಂಥ ದಾರಿ ಇದ್ದರೆ ಮೊದಲು ಅದನ್ನು ವಿಚಾರಿಸಿ.

ಇಲ್ಲದಿದ್ದರೆ ಈಗ ಆ ಹುದ್ದೆಯಲ್ಲಿ ಇರುವವರ ಜೊತೆ ಒಂದು ಪೂರ್ತಿ ದಿನ ಇದ್ದು ನೋಡಿ. ಎಷ್ಟು ಹೊತ್ತು ಕಾಗದಪತ್ರ, ಎಷ್ಟು ಹೊತ್ತು ಪೋಷಕರ ದೂರು, ಎಷ್ಟು ಹೊತ್ತು ಶಿಕ್ಷಕರ ಜೊತೆ ಮಾತು. ಬೇರೆ ಶಿಕ್ಷಕರ ಪಾಠ ಚೆನ್ನಾಗಿ ಆಗಲಿ ಅಂತ ಓಡಾಡುವುದು ನಿಮಗೆ ಇಷ್ಟವಾದರೆ ಹೋಗಿ. ವಾರಕ್ಕೆ ಎರಡು ಪೀರಿಯಡ್ ಪಾಠವಾದರೂ ನನಗಿರಬೇಕು ಅನ್ನುವ ಷರತ್ತನ್ನು ಒಪ್ಪಿಕೊಳ್ಳುವ ಮುಂಚೆಯೇ ಹಾಕಿ, ಆಮೇಲೆ ಕೇಳಿದರೆ ಟೈಮ್‌ಟೇಬಲ್‌ನಲ್ಲಿ ಜಾಗ ಇರುವುದಿಲ್ಲ.